ಸವೆದ ಕಾರ್ ಬ್ಯಾಟರಿ: ಎರಡು ಸೆಲ್ ಬದಲಿಸಿದರೆ ಸಾಕೇ, ಇಡೀ ಪ್ಯಾಕನ್ನೇ ಬದಲಿಸಬೇಕೇ?

ಚಾಮುಂಡಿ ತಪ್ಪಲು (ಪ್ರಶ್ನೆ):

ನಮ್ಮ ಮನೆಯಲ್ಲಿ ಎಂಟು ವರ್ಷ ಹಳೆಯದಾದ ಸಣ್ಣ ಎಲೆಕ್ಟ್ರಿಕ್ ಕಾರೊಂದಿದೆ. ಹದಿನಾರು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ ಜೋಡಿಸಿದ, 48 ವೋಲ್ಟ್ ವರ್ಗದ, 200 ಆಂಪಿಯರ್-ಅವರ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಪ್ಯಾಕ್ ಅದರದ್ದು. ಅಂದರೆ ಸುಮಾರು 10 ಯೂನಿಟ್ ವಿದ್ಯುತ್ ಹಿಡಿಯುವಂಥದ್ದು. ಹೊಸದರಲ್ಲಿ ಒಂದು ಚಾರ್ಜಿಗೆ 80 ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ 40 ಓಡಿದರೆ ಹೆಚ್ಚು. ಮೀಟರಿನಲ್ಲಿ ಇನ್ನೂ ಶೇಕಡಾ 30 ತೋರಿಸುತ್ತಿರುವಾಗಲೇ, ಏರುರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಶಕ್ತಿ ಕುಸಿದು ಗಾಡಿ ತೆವಳತೊಡಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ತೊಂದರೆ. ಸರ್ವಿಸ್ ಸೆಂಟರಿನವರು ಬ್ಯಾಟರಿಯನ್ನು ತೆರೆದೂ ನೋಡದೆ, ಇಡೀ ಪ್ಯಾಕ್ ಬದಲಿಸಲು ಮೂರೂವರೆ ಲಕ್ಷ ರೂಪಾಯಿಯ ಅಂದಾಜು ಬರೆದುಕೊಟ್ಟಿದ್ದಾರೆ. ಗಾಡಿ ಮಾರಿದರೂ ಅಷ್ಟು ಹಣ ಬರುವುದಿಲ್ಲ. ಬೇರೊಂದು ಗ್ಯಾರೇಜಿನವರು ಎರಡು ಸೆಲ್‌ಗಳಷ್ಟೇ ಕೆಟ್ಟಿವೆಯೆಂದೂ, ನಲವತ್ತು ಸಾವಿರದಲ್ಲಿ ಸರಿಮಾಡಿಕೊಡುವುದಾಗಿಯೂ ಹೇಳುತ್ತಿದ್ದಾರೆ. ವಾರಂಟಿ ಮುಗಿದಿದೆ. ಯಾರ ಮಾತನ್ನು ನಂಬುವುದು?

ಆಂಪಿಯರ್:

ಇಬ್ಬರ ಮಾತನ್ನೂ ಸದ್ಯಕ್ಕೆ ನಂಬಬೇಡಿ. ಅಳತೆ ಇಲ್ಲದೆ ಹೇಳಿದ ಎರಡೂ ಬೆಲೆಗಳು ಊಹೆಯೇ.

ನೀವು ವಿವರಿಸಿದ ಲಕ್ಷಣಗಳಿಗೆ ಮೂರು ಬೇರೆಬೇರೆ ಕಾರಣಗಳಿರಬಹುದು. ಮೊದಲನೆಯದು ಅಸಮತೋಲನ: ಸೆಲ್‌ಗಳು ಚೆನ್ನಾಗಿಯೇ ಇದ್ದು, ಒಂದು ಪೂರ್ತಿ ತುಂಬಿರುವಾಗ ಮತ್ತೊಂದು ಅರೆಬರೆ ತುಂಬಿರುತ್ತದೆ. ಎರಡನೆಯದು, ಒಂದೆರಡು ಸೆಲ್‌ಗಳು ಮಾತ್ರ ನಿಜವಾಗಿ ಸೊರಗಿರುವುದು. ಮೂರನೆಯದು, ಎಲ್ಲವೂ ಒಟ್ಟಿಗೆ ಮುಪ್ಪಾಗಿರುವುದು. ಸರಣಿಯಲ್ಲಿ ಹರಿಯುವ ಕರೆಂಟು ಎಲ್ಲ ಸೆಲ್‌ಗಳಿಗೂ ಒಂದೇ ಆದ್ದರಿಂದ, ಯಾವುದೇ ಒಂದು ಸೆಲ್ 2.5 ವೋಲ್ಟ್‌ನ ಆಸುಪಾಸಿಗೆ ಇಳಿದೊಡನೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಕ) ಉಳಿದ ಹದಿನೈದರಲ್ಲಿ ಎಷ್ಟೇ ಶಕ್ತಿಯಿದ್ದರೂ ಪ್ಯಾಕನ್ನು ತಡೆದು ನಿಲ್ಲಿಸುತ್ತದೆ. ನೊಗದ ಎತ್ತುಗಳಲ್ಲಿ ಒಂದು ಕುಂಟಿದರೆ ಗಾಡಿ ಅದರ ನಡಿಗೆಯಲ್ಲೇ ಸಾಗಬೇಕಲ್ಲವೇ, ಹಾಗೆ. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜು ಬಹುಪಾಲು ಹೊತ್ತು 3.2ರಿಂದ 3.3ರ ನಡುವೆಯೇ ಸಮತಟ್ಟಾಗಿ ಇರುವುದರಿಂದ ಮೀಟರು ಉಳಿದ ಚಾರ್ಜನ್ನು ಅಂದಾಜಿಸಲು ಎಡವುತ್ತದೆ. ನಿಮ್ಮ ಶೇಕಡಾ 30ರ ರಹಸ್ಯ ಇದೇ ಇರಬೇಕು.

ಅಸಮತೋಲನವಾದರೆ ಖರ್ಚಿಲ್ಲದೆಯೂ ಸರಿಹೋಗಬಹುದು. ಸಾಮಾನ್ಯ ಬಿಎಂಎಸ್ ಹೆಚ್ಚು ತುಂಬಿದ ಸೆಲ್‌ನ ಶಕ್ತಿಯನ್ನು ಸಣ್ಣ ರೆಸಿಸ್ಟರ್ ಮೂಲಕ ಸುಟ್ಟು ಸಮಮಾಡುತ್ತದೆ. ಆ ಕರೆಂಟು 0.2 ಆಂಪಿಯರ್ ಎಂದು ಇಟ್ಟುಕೊಂಡರೂ, 10 ಆಂಪಿಯರ್-ಅವರ್‌ನ ವ್ಯತ್ಯಾಸ ಸರಿಯಾಗಲು 50 ಗಂಟೆ ಬೇಕು. ಅನೇಕ ಗಾಡಿಗಳಲ್ಲಿ ಈ ಕೆಲಸ ಪೂರ್ತಿ ಚಾರ್ಜಿನ ಹತ್ತಿರ ಮಾತ್ರ ನಡೆಯುತ್ತದೆ. ಹೀಗಿರುವಾಗ ದಿನಾ ಶೇಕಡಾ 80ಕ್ಕೇ ಪ್ಲಗ್ ಕೀಳುವವರ ಪ್ಯಾಕಿನಲ್ಲಿ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತದೆ. ಎಲ್‌ಎಫ್‌ಪಿ ಕಾರುಗಳನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚಾರ್ಜ್ ಮಾಡಿ ಎಂದು ಟೆಸ್ಲಾ ತನ್ನ ಗ್ರಾಹಕರಿಗೆ ಹೇಳುತ್ತದೆ.

ಮೊದಲು ಕೆಲವು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಗಿನವರೆಗೂ ಪ್ಲಗ್ ಕೀಳದೆ ಬಿಡಿ. ಆಮೇಲೆ ಗಾಡಿಯ ಡಯಾಗ್ನೋಸ್ಟಿಕ್ ಪೋರ್ಟಿಗೆ ಉಪಕರಣ ಜೋಡಿಸಿ, ಪ್ರತಿ ಸೆಲ್‌ನ ವೋಲ್ಟೇಜನ್ನು ಗಾಡಿ ನಿಂತಿರುವಾಗಲೂ, 100 ಆಂಪಿಯರ್ ಎಳೆಯುವಾಗಲೂ ಬರೆದುಕೊಳ್ಳಿಸಿ. ನಿಂತಾಗಿನ ಅಂಕಿ ನೋಡಿ ತೀರ್ಪು ಕೊಡುವ ಗ್ಯಾರೇಜಿನಿಂದ ದೂರವಿರಿ, ಏಕೆಂದರೆ ಎಲ್‌ಎಫ್‌ಪಿಯಲ್ಲಿ ಸತ್ತ ಸೆಲ್ ಕೂಡ ವಿಶ್ರಾಂತಿಯಲ್ಲಿ 3.28 ತೋರಿಸಬಲ್ಲದು.

ಹುಬ್ಬಳ್ಳಿ ಹುಡುಗ:

ಮೇಲಿನವರ ಸಲಹೆ 48 ವೋಲ್ಟ್‌ನ ಪ್ಯಾಕಿಗೆ ಸರಿ. ಇದನ್ನು ಓದುತ್ತಿರುವ ಇತರರು ತಮ್ಮ ಹೊಸ ಕಾರಿನ 300 ವೋಲ್ಟ್ ಮೀರಿದ ಪ್ಯಾಕಿಗೆ ಇದನ್ನೇ ಅನ್ವಯಿಸಿಕೊಳ್ಳಬಾರದು; ಅಲ್ಲಿ ಒಂದು ತಪ್ಪು ಸ್ಪರ್ಶ ಪ್ರಾಣಕ್ಕೇ ಕುತ್ತು. ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿಯಿರುವ ಗಾಡಿಯ ಪ್ಯಾಕನ್ನು ಹೊರಗೆ ಬಿಚ್ಚಿಸುವುದು ಶುದ್ಧ ನಷ್ಟ. ಬಿವೈಡಿಯ ಬ್ಲೇಡ್ ಬ್ಯಾಟರಿಯಂಥ ವಿನ್ಯಾಸಗಳಲ್ಲಿ ಮಾಡ್ಯೂಲ್ (ಕೆಲವು ಸೆಲ್‌ಗಳನ್ನು ಸೇರಿಸಿದ ಬಿಡಿ ಕಟ್ಟು) ಎಂಬ ಹಂತವೇ ಇಲ್ಲದೆ ಸೆಲ್‌ಗಳನ್ನು ನೇರವಾಗಿ ಪ್ಯಾಕಿನೊಳಗೆ ಕೂರಿಸಿರುವುದರಿಂದ, ಒಂದನ್ನು ಕಿತ್ತು ಇನ್ನೊಂದನ್ನು ಹಾಕುವ ಮಾತು ಸುಲಭವೂ ಅಲ್ಲ.

ಇನ್ನೊಂದು ವಿಷಯ. ರಿಪೇರಿಯ ನೆಪದಲ್ಲಿ ಬೇರೆ ರಸಾಯನದ ಅಥವಾ ಹೆಚ್ಚು ಸಾಮರ್ಥ್ಯದ ಸೆಲ್ ಹಾಕುತ್ತೇವೆಂದರೆ ಒಪ್ಪಬೇಡಿ. ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ, ನಾಳೆ ಬೆಂಕಿ ಬಿದ್ದರೆ ವಿಮೆಯವರೂ ಅದನ್ನೇ ಎತ್ತಿ ಹಿಡಿಯುತ್ತಾರೆ. ಅಂದಾಜು ಪಟ್ಟಿಯಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನೂ ನೋಡಿ: ಕಾರಿನ ಜೊತೆ ಬರುವ ಬ್ಯಾಟರಿಗೆ ಶೇಕಡಾ 5ರ ಜಿಎಸ್‌ಟಿ, ಅದೇ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇಕಡಾ 18. ಹಳೆಯ ಗಾಡಿಯನ್ನು ಉಳಿಸಿಕೊಳ್ಳುವವನಿಗೇ ಹೆಚ್ಚು ತೆರಿಗೆ ಬೀಳುವ ಈ ನ್ಯಾಯ ನನಗಂತೂ ಅರ್ಥವಾಗಿಲ್ಲ.

ಸ್ಯಾನ್ ಹೋಸೆ ಕನ್ನಡಿಗ:

ಇಲ್ಲಿ ಹಳೆಯ ನಿಸಾನ್ ಲೀಫ್ ಇಟ್ಟುಕೊಂಡವರ ನಡುವೆ ಇದು ನಿತ್ಯದ ಚರ್ಚೆ. ಮೊದಲ ತಲೆಮಾರಿನ 24 ಕಿಲೋವ್ಯಾಟ್-ಅವರ್ ಪ್ಯಾಕಿನಲ್ಲಿ 48 ಮಾಡ್ಯೂಲ್‌ಗಳಿದ್ದು, ಪ್ರತಿಯೊಂದರಲ್ಲೂ ನಾಲ್ಕು ಸೆಲ್‌ಗಳಿವೆ. ಮಾಡ್ಯೂಲ್‌ಗಳನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದಾದ್ದರಿಂದ ಕೆಟ್ಟದ್ದನ್ನಷ್ಟೇ ಬದಲಿಸುವ ಸ್ವತಂತ್ರ ಗ್ಯಾರೇಜುಗಳಿವೆ. ಅವರು ಹೊಸ ಮಾಡ್ಯೂಲ್ ಹುಡುಕುವುದಿಲ್ಲ, ಅಪಘಾತಕ್ಕೀಡಾದ ಗಾಡಿಯಿಂದ ಬಂದ, ಉಳಿದವುಗಳಷ್ಟೇ ಸವೆದ ಮಾಡ್ಯೂಲನ್ನು ಅಳೆದು ಹಾಕುತ್ತಾರೆ. ಲೀಫ್‌ನಲ್ಲಿ ದ್ರವ ಶೀತಲೀಕರಣವಿಲ್ಲ. ಬಿಸಿ ಊರಿನಲ್ಲಿ ಓಡಿದ ಪ್ಯಾಕು ಇಡಿಯಾಗಿ ಸವೆದಿರುತ್ತದೆಯಾದ್ದರಿಂದ ಅಂಥದ್ದಕ್ಕೆ ಈ ಚಿಕಿತ್ಸೆ ಹೆಚ್ಚು ಕಾಲ ನಿಲ್ಲುವುದಿಲ್ಲ.

ಚಾಮುಂಡಿ ತಪ್ಪಲು:

ಅಳತೆ ಮಾಡಿಸಿದೆ. ರಾತ್ರಿಯಿಡೀ ಚಾರ್ಜಿಗೆ ಬಿಟ್ಟದ್ದರಿಂದ ಏನೂ ಬದಲಾಗಲಿಲ್ಲ. ನಿಂತಾಗ ಹದಿನಾರೂ 3.28ರಿಂದ 3.30. ಕರೆಂಟು 100 ಆಂಪಿಯರ್ ತಲುಪಿದಾಗ ಹದಿನಾಲ್ಕು ಸೆಲ್‌ಗಳು 3.10ರ ಆಸುಪಾಸಿನಲ್ಲಿ ನಿಂತವು, ಏಳನೆಯದು 2.99ಕ್ಕೂ, ಹನ್ನೊಂದನೆಯದು 2.76ಕ್ಕೂ ಕುಸಿದವು. ಹಾಗಾದರೆ ಗ್ಯಾರೇಜಿನವರು ಹೇಳಿದಂತೆ ಎರಡು ಸೆಲ್ ಎಂಬುದು ನಿಜವಾಯಿತಲ್ಲವೇ?

ಆಂಪಿಯರ್:

ಹನ್ನೊಂದು ನಿಜವಿರಬಹುದು. ಏಳನೆಯದರ ಬಗ್ಗೆ ಅನುಮಾನವಿದೆ. ಬಿಎಂಎಸ್‌ನ ತಂತಿ ಎಲ್ಲಿ ಕೂತಿದೆಯೆಂಬುದರ ಮೇಲೆ, ಬಸ್‌ಬಾರ್‌ನ (ಸೆಲ್‌ನಿಂದ ಸೆಲ್‌ಗೆ ಕರೆಂಟು ಒಯ್ಯುವ ಲೋಹದ ಪಟ್ಟಿ) ಜೋಡಣೆಯಲ್ಲಾದ ನಷ್ಟವೂ ಸೆಲ್‌ನ ಲೆಕ್ಕಕ್ಕೇ ಸೇರಿಬಿಡುತ್ತದೆ. ಒಂದು ಮಿಲಿಓಮ್‌ನಷ್ಟು ತಡೆ ಸಾಕು, 100 ಆಂಪಿಯರ್‌ನಲ್ಲಿ 0.1 ವೋಲ್ಟ್ ಅಲ್ಲೇ ಉಳಿದು, 10 ವ್ಯಾಟ್ ಶಾಖವಾಗಿ ನಟ್ಟನ್ನು ಬಿಸಿಮಾಡುತ್ತದೆ. ಅಷ್ಟೇ ಕರೆಂಟು ಹರಿಯುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೆಲ್‌ನ ಟರ್ಮಿನಲ್ ಕಂಬದ ಮೇಲೂ, ಇನ್ನೊಂದನ್ನು ಬಸ್‌ಬಾರ್ ಮೇಲೂ ಇಡಲು ಹೇಳಿ. ಕೆಲವೇ ಮಿಲಿವೋಲ್ಟ್ ಬಂದರೆ ಜೋಡಣೆ ಸರಿಯಿದೆ. ಬಿಚ್ಚುವವರ ಸ್ಪ್ಯಾನರಿಗೆ ಇನ್ಸುಲೇಶನ್ ಟೇಪ್ ಸುತ್ತಿರಲಿ. 48 ವೋಲ್ಟ್‌ನಲ್ಲಿ ಶಾಕಿಗಿಂತ ಶಾರ್ಟ್ ಸರ್ಕ್ಯೂಟ್ ಅಪಾಯ ದೊಡ್ಡದು.

ಚಾಮುಂಡಿ ತಪ್ಪಲು:

ಏಳನೆಯ ಸೆಲ್‌ನ ಜೋಡಣೆಯಲ್ಲಿ 108 ಮಿಲಿವೋಲ್ಟ್ ಬಂತು. ನಟ್ ಬಿಚ್ಚಿದಾಗ ಬಸ್‌ಬಾರ್‌ನ ಅಡಿಯಲ್ಲಿ ಹಸಿರು ಮಿಶ್ರಿತ ಬಿಳಿಪುಡಿ ಕೂತಿತ್ತು. ಉಜ್ಜಿ, ಟಾರ್ಕ್ ರೆಂಚ್‌ನಲ್ಲಿ ಬಿಗಿದ ಮೇಲೆ ಆ ಸೆಲ್ ಉಳಿದವುಗಳ ಸಾಲಿಗೆ ಬಂದಿತು. ಹನ್ನೊಂದನೆಯದು ಹಾಗೆಯೇ ಇದೆ. ಪ್ಯಾಕ್ ಇಳಿಸಿ ಒಂದೊಂದನ್ನೂ 3.65 ವೋಲ್ಟ್‌ಗೆ ತುಂಬಿಸಿ, 40 ಆಂಪಿಯರ್‌ನಲ್ಲಿ 2.5ರವರೆಗೆ ಇಳಿಸಿ ನೋಡಿದಾಗ, ಹದಿನೈದು ಸೆಲ್‌ಗಳು 148ರಿಂದ 155 ಆಂಪಿಯರ್-ಅವರ್ ಕೊಟ್ಟವು, ಹನ್ನೊಂದನೆಯದು 104.

ಆಂಪಿಯರ್:

ಹಾಗಿದ್ದರೆ ಒಂದೇ ಸೆಲ್ ಬದಲಿಸಿ. ಪ್ಯಾಕು 148ರ ಮಟ್ಟಕ್ಕೆ ಏರುತ್ತದೆ, ಗಾಡಿ 55ರಿಂದ 60 ಕಿಲೋಮೀಟರ್ ಓಡಬೇಕು. ಅದಕ್ಕಿಂತ ಹೆಚ್ಚನ್ನು ಯಾರಾದರೂ ಆಶ್ವಾಸನೆ ಕೊಟ್ಟರೆ ಅದು ಸುಳ್ಳು, ಏಕೆಂದರೆ ಉಳಿದ ಹದಿನೈದು ಸೆಲ್‌ಗಳಲ್ಲಿ ರಾಸಾಯನಿಕವಾಗಿ ಕಳೆದುಹೋದ ಲಿಥಿಯಂ ಯಾವ ರಿಪೇರಿಯಿಂದಲೂ ಮರಳುವುದಿಲ್ಲ. ಆ ಹದಿನೈದೂ 110–120ರಲ್ಲಿ ಇದ್ದಿದ್ದರೆ ಸರ್ವಿಸ್ ಸೆಂಟರಿನ ಮೂರೂವರೆ ಲಕ್ಷದ ಬಗ್ಗೆ, ಅಥವಾ ಗಾಡಿಯನ್ನೇ ಕೊಟ್ಟುಬಿಡುವ ಬಗ್ಗೆ ಯೋಚಿಸಿ ಎನ್ನುತ್ತಿದ್ದೆ.

ಬದಲಿ ಸೆಲ್ ಅದೇ ಅಳತೆಯದ್ದಾಗಿ, 150 ಆಂಪಿಯರ್-ಅವರ್‌ಗೆ ಕಡಿಮೆಯಿಲ್ಲದೆ, ಆಂತರಿಕ ತಡೆಯಲ್ಲಿ ಉಳಿದವಕ್ಕೆ ಹತ್ತಿರವಿರಲಿ. ಕ್ಯೂಆರ್ ಕೋಡ್ ಕೆರೆದು ಅಳಿಸಿದ, ಹೊಟ್ಟೆ ಉಬ್ಬಿದ ಸೆಲ್ ಎಷ್ಟೇ ಅಗ್ಗವಾದರೂ ಬೇಡ. ಹದಿನಾರನ್ನೂ ಸಮಾಂತರವಾಗಿ ಜೋಡಿಸಿ 3.65ಕ್ಕೆ ಒಟ್ಟಿಗೆ ತುಂಬಿಸಿದ ಮೇಲೆಯೇ ಮತ್ತೆ ಸರಣಿಯಲ್ಲಿ ಕಟ್ಟಬೇಕು. ನಲವತ್ತು ಸಾವಿರ ಎರಡು ಸೆಲ್‌ಗೆ ಹೇಳಿದ ಬೆಲೆ, ಈಗ ಒಂದೇ ಆದ್ದರಿಂದ ಚೌಕಾಶಿ ಮಾಡಿ. ಹದಿನಾರು ಸೆಲ್‌ಗಳ ಅಳತೆಯ ಪಟ್ಟಿಯನ್ನು ಬಿಲ್ಲಿನ ಜೊತೆ ಸಹಿ ಹಾಕಿಸಿ ಪಡೆಯಿರಿ. ತೆಗೆದ ಸೆಲ್ಲನ್ನು ಗುಜರಿಗೆ ಹಾಕದೆ ಬ್ಯಾಟರಿ ಮರುಬಳಕೆಯ ನೋಂದಾಯಿತ ಘಟಕಕ್ಕೆ ತಲುಪಿಸುವ ಹೊಣೆಯನ್ನೂ ಅವರಿಂದಲೇ ಬರೆಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಕಸದ ಗುಂಡಿಗೆ ಸೇರಿಸಲು ಬಿಡುವುದಿಲ್ಲ.