ಪದಚರ್ಚೆ: ಗೇರಿನ ಹಲ್ಲಿನ ಸುತ್ತ ಇರುವ ಖಾಲಿ ಜಾಗಕ್ಕೆ ಏನೆನ್ನೋಣ?

ಗೆಳೆಯರೇ,

ಅಲ್ಯೂಮಿನಿಯಂನ ಪುಟ್ಟ ಗೇರುಗಳನ್ನು ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡ್ರೋನಿನ ಕ್ಯಾಮೆರಾ ತಿರುಗಿಸುವಂಥ, ರೋಬೋಟಿನ ಬೆರಳು ಮಡಿಸುವಂಥ ಗೇರುಗಳು. ಗೇರು, ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಅಳತೆ), ಹಾಬಿಂಗ್ (ಹಲ್ಲು ಕೊರೆಯುವ ಒಂದು ಬಗೆ) ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ಕೆಲಸ ಮಾಡುವವರ ಬಾಯಲ್ಲಿ ಇರುವುದೇ ಅವು, ಬದಲಿಸುವ ಆಸೆಯೂ ನನಗಿಲ್ಲ. ಹಲ್ಲಂತೂ ನಮ್ಮದೇ ಪದ. ನಾನು ಸಿಕ್ಕಿಹಾಕಿಕೊಂಡಿರುವುದು ಹಲ್ಲಿನ ಸುತ್ತ ಇರುವ ಖಾಲಿ ಜಾಗದಲ್ಲಿ.

ಆ ಜಾಗ ಮೂರು ಬಗೆಯದು. ಮಾಡ್ಯೂಲ್ 0.3 ಇರುವ, 20 ಹಲ್ಲಿನ ಗೇರು ತೆಗೆದುಕೊಳ್ಳಿ. ಎರಡನ್ನೂ ಗುಣಿಸಿದರೆ ಪಿಚ್ ವೃತ್ತದ (ಹಲ್ಲುಗಳು ಕಚ್ಚಿಕೊಳ್ಳುವ ಮಟ್ಟದಲ್ಲಿ ಎಳೆದಂತೆ ಊಹಿಸಿಕೊಳ್ಳುವ ವೃತ್ತ) ವ್ಯಾಸ 6 ಮಿ.ಮೀ. ಅಕ್ಕಪಕ್ಕದ ಎರಡು ಹಲ್ಲುಗಳ ನಡುವಿನ ತಗ್ಗನ್ನು ಆ ವೃತ್ತದ ಮೇಲೆ ಅಳೆದರೆ ಸುಮಾರು 0.47 ಮಿ.ಮೀ. ಬರುತ್ತದೆ. ಇದಕ್ಕೆ ‘ಸಂದು’ ಸಾಕು. ಬಾಯೊಳಗಿನ ಹಲ್ಲಿಗೂ ಅದನ್ನೇ ಹೇಳುತ್ತೇವಲ್ವಾ.

ಎರಡನೆಯದು, ಒಂದು ಗೇರಿನ ಹಲ್ಲಿನ ತುದಿ ಎದುರು ಗೇರಿನ ಸಂದಿನ ತಳಕ್ಕೆ ತಾಗದಂತೆ ಬಿಡುವ ಜಾಗ. ಸಾಮಾನ್ಯವಾಗಿ ಮಾಡ್ಯೂಲಿನ ಕಾಲು ಭಾಗ, ಇಲ್ಲಿ 0.075 ಮಿ.ಮೀ. ಹೆಚ್ಚುಕಮ್ಮಿ ಒಂದು ತಲೆಗೂದಲಿನ ದಪ್ಪ.

ಮೂರನೆಯದೇ ಬ್ಯಾಕ್‌ಲ್ಯಾಶ್. ಕಚ್ಚಿಕೊಂಡ ಹಲ್ಲಿನ ಒಂದು ಮಗ್ಗುಲು ಒತ್ತುತ್ತಿರುವಾಗ ಇನ್ನೊಂದು ಮಗ್ಗುಲಲ್ಲಿ ಉಳಿಯುವ ಎಡೆ. ಒಂದು ಗೇರನ್ನು ಬಿಗಿಯಾಗಿ ಹಿಡಿದು ಇನ್ನೊಂದನ್ನು ಹಿಂದೆ ಮುಂದೆ ಅಲುಗಿಸಿದರೆ ಕೈಗೇ ಗೊತ್ತಾಗುತ್ತದೆ.

ಇದನ್ನು ‘ಸಡಿಲ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಸಡಿಲ ಅಂದ ತಕ್ಷಣ ಓದುವವರು ಅದನ್ನು ದೋಷ ಅಂದುಕೊಳ್ಳುತ್ತಾರೆ. ಬ್ಯಾಕ್‌ಲ್ಯಾಶ್ ಜಾಸ್ತಿಯಾದರೆ ದೋಷ ಹೌದು, ದಿಕ್ಕು ಬದಲಿಸಿದಾಗ ಕ್ಯಾಮೆರಾ ಒಂದು ಕ್ಷಣ ಹಿಂದುಳಿಯುತ್ತದೆ. ಆದರೆ ಸ್ವಲ್ಪವಂತೂ ಬೇಕೇ ಬೇಕು. ಎಣ್ಣೆಗೆ ಜಾಗ ಬೇಕು. ಬಿಸಿಯಾದಾಗ ಹಿಗ್ಗಲು ಜಾಗ ಬೇಕು. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಗುತ್ತದೆ ಅಂತ ಆರಿಸಿಕೊಳ್ಳುತ್ತೇವೆ, ಆದರೆ ಅದು ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಗೇರು ಅಲ್ಯೂಮಿನಿಯಂನದು, ಅದನ್ನು ಹಿಡಿದಿರುವ ಪೆಟ್ಟಿಗೆ ಉಕ್ಕಿನದು ಆದರೆ, ಬಿಸಿ ಏರಿದಂತೆ ಈ ಎಡೆ ಕುಗ್ಗುತ್ತದೆ.

ಇನ್ನೂ ಮುಖ್ಯವಾದದ್ದು ಹಾರ್ಡ್ ಆನೊಡೈಸಿಂಗ್, ಅಂದರೆ ವಿದ್ಯುತ್ ಹರಿಸಿ ಅಲ್ಯೂಮಿನಿಯಂನ ಮೇಲ್ಮೈಯಲ್ಲೇ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು. ಅಲ್ಯೂಮಿನಿಯಂ ಮೆದು, ಹಲ್ಲು ಬೇಗ ಸವೆಯುತ್ತದೆ, ಅದಕ್ಕೇ ಈ ಗಟ್ಟಿ ಪದರ. 25 ಮೈಕ್ರಾನ್ (0.025 ಮಿ.ಮೀ.) ಪದರ ಬೆಳೆಸಿದರೆ ಹೆಚ್ಚುಕಮ್ಮಿ ಅರ್ಧ ಲೋಹದ ಒಳಕ್ಕೆ, ಅರ್ಧ ಹೊರಕ್ಕೆ. ಹಲ್ಲಿಗೆ ಎರಡು ಮಗ್ಗುಲು, ಹಾಗಾಗಿ ಹಲ್ಲು ಸುಮಾರು 25 ಮೈಕ್ರಾನ್ ದಪ್ಪವಾಗುತ್ತದೆ. ಎರಡೂ ಗೇರಿಗೆ ಪದರ ಕೊಟ್ಟರೆ 50 ಮೈಕ್ರಾನ್ ಎಡೆ ಹೋಯಿತು. ಇಷ್ಟು ಪುಟ್ಟ ಗೇರಿನಲ್ಲಿ ಅದು ಇರುವ ಎಡೆಯನ್ನೆಲ್ಲ ನುಂಗಿಬಿಡಬಹುದು. ಹಲ್ಲು ಕೊರೆಯುವಾಗಲೇ ಅಷ್ಟು ತೆಳುವಾಗಿ ಕೊರೆಯಬೇಕು. ಬೇಕೆಂದೇ ಲೆಕ್ಕ ಹಾಕಿ ಬಿಡುವ ಜಾಗಕ್ಕೆ ಸಡಿಲ ಅನ್ನುವುದು ಹೇಗೆ?

ನನ್ನ ಸಲಹೆ ‘ಆಟ’. ಗಾಳಿಯಾಡುವಷ್ಟು ಜಾಗ ಬಿಡು, ಕೈಯಾಡಲು ಎಡೆಯಿಲ್ಲ ಅನ್ನುವಾಗ ‘ಆಡು’ ಎಂಬುದರಲ್ಲಿ ತಪ್ಪಿನ ಸುಳಿವೇ ಇಲ್ಲ, ತಡೆಯಿಲ್ಲದೆ ಚಲಿಸುವುದು ಅಷ್ಟೇ. ವಾಕ್ಯದಲ್ಲಿಟ್ಟೂ ನೋಡಿದೆ. ‘ಈ ಜೋಡಿಗೆ 0.04 ಮಿ.ಮೀ. ಆಟ ಕೊಡಿ.’ ‘ಪದರ ಬಂದ ಮೇಲೆ ಆಟ ಕಮ್ಮಿಯಾಯಿತು.’ ‘ನಡುವಿನ ತೂತು ಓರೆಯಾದರೆ ಒಂದು ಕಡೆ ಆಟ, ಇನ್ನೊಂದು ಕಡೆ ಬಿಗಿ.’ ಮೂರೂ ನನ್ನ ಕಿವಿಗೆ ಸರಿ ಕೇಳಿಸಿದವು. ಒಂದೇ ಅಳುಕು ಅಂದರೆ ತಲೆಬರಹದಲ್ಲಿ ಬರೇ ‘ಆಟ’ ಅಂತ ಹಾಕಿದರೆ ಆಟೋಟ ಅಂದುಕೊಂಡಾರು. ‘ಹಲ್ಲಾಟ’ ಎಂದು ಜೋಡಿಸಬಹುದೇ, ಅಥವಾ ಅದು ಹಲ್ಲು ಅಲ್ಲಾಡುವುದನ್ನು ನೆನಪಿಸುತ್ತದೆಯೇ?

ಎರಡನೆಯ ಜಾಗಕ್ಕೆ ‘ತುದಿತೆರಪು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ, ಮನಸ್ಸಿಗೆ ಪೂರ್ತಿ ಹಿಡಿಸಿಲ್ಲ. ಲೇತ್, ಮಿಲ್ಲಿಂಗ್ ಯಂತ್ರದ ಮೇಲೆ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ, ನೀವು ಇದಕ್ಕೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.