ಪಾಂಡುಪಾರೆ, ಕಲ್ಮನೆ, ಕಲ್ಗೋರಿ: ಪದಪಟ್ಟಿಗೆ ಯಾವುದು?

ಪ್ರಶ್ನೆ: ವಿರಾಜಪೇಟೆ ಕಡೆಯ ಪ್ರೌಢಶಾಲೆ ಮಕ್ಕಳನ್ನು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಲಿಕ್ಕಿದೆ. ಅದಕ್ಕೂ ಮೊದಲು ಮಡಿಕೇರಿ ಕೋಟೆಯೊಳಗಿನ, ಹಳೇ ಚರ್ಚಿನಲ್ಲಿರುವ ಮ್ಯೂಸಿಯಂ ತೋರಿಸುತ್ತೇವೆ. ಮಕ್ಕಳ ಕೈಗೆ ಒಂದು ಪುಟದ ಕನ್ನಡ ಪದಪಟ್ಟಿ ಕೊಡಬೇಕು. ಪ್ರಾಚೀನರು ಕಲ್ಲುಚಪ್ಪಡಿಗಳಿಂದ ಕಟ್ಟಿದ ಗೋರಿಗಳಲ್ಲಿ ಡಾಲ್ಮೆನ್, ಸಿಸ್ಟ್ ಎಂಬ ಎರಡು ಬಗೆಗೂ ಸದ್ಯ ‘ಕಲ್ಗೋರಿ’ ಎಂದೇ ಬರೆದಿದ್ದೇವೆ. ನಮ್ಮ ಕಡೆಯ ‘ಪಾಂಡುಪಾರೆ’ ಇವೆರಡರಲ್ಲಿ ಯಾವುದು? ಇವುಗಳ ಕಾಲಕ್ಕೆ (ಮೆಗಾಲಿಥಿಕ್) ‘ಬೃಹತ್ ಶಿಲಾಯುಗ’ ಸರಿಯೇ? ಬಲ್ಲವರು ತಿಳಿಸಿ.

ಉತ್ತರ: ಮೇಷ್ಟ್ರೇ, ಎರಡಕ್ಕೂ ಒಂದೇ ಪದ ಹಾಕಿದರೆ ಮಕ್ಕಳು ನೋಡಬೇಕಾದ್ದನ್ನೇ ನೋಡುವುದಿಲ್ಲ. ಡಾಲ್ಮೆನ್ ನೆಲದ ಮೇಲಿನದು: ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಮುಚ್ಚುಗಲ್ಲು ಹೊರಿಸಿದ ಕೋಣೆ. ಇದಕ್ಕೆ ‘ಕಲ್ಮನೆ’ ಚೆನ್ನಾಗಿ ಒಪ್ಪುತ್ತದೆ. ಸಿಸ್ಟ್ ನೆಲದೊಳಗಿನದು. ಗುಂಡಿ ತೋಡಿ, ತಳಕ್ಕೆ ಹಾಸುಗಲ್ಲಿಟ್ಟು, ಸುತ್ತ ನಾಲ್ಕು ಚಪ್ಪಡಿ ನಿಲ್ಲಿಸುತ್ತಾರೆ. ಒಂದೊಂದು ಚಪ್ಪಡಿಯ ಅಂಚೂ ಪಕ್ಕದ್ದನ್ನು ದಾಟಿ ಚಾಚಿರುವುದರಿಂದ ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುತ್ತದೆ; ಹೊರಗಿನ ಮಣ್ಣು ಒತ್ತಿದಷ್ಟೂ ಅವು ಒಂದಕ್ಕೊಂದು ಆತುಕೊಳ್ಳುತ್ತವೆ. ‘ಕಲ್ಗೋರಿ’ಯನ್ನು ಇದಕ್ಕೆ ಮೀಸಲಿಡಿ. ಎರಡರಲ್ಲೂ ಒಂದು ಚಪ್ಪಡಿಗೆ ದುಂಡು ತೂತು ಇರುವುದುಂಟು. ಅದಕ್ಕೆ ‘ಕಿಂಡಿ’ ಸಾಕು, ಸಂಸ್ಕೃತ ಹುಡುಕಬೇಡಿ.

ಎಡವುವುದು ಎಲ್ಲಿ ಅಂದರೆ, ಮಳೆಗೆ ಮಣ್ಣು ಕೊಚ್ಚಿಹೋದ ಕಲ್ಗೋರಿಯೂ ಹೊರಗೆದ್ದು ಕಲ್ಮನೆಯಂತೆಯೇ ಕಾಣುತ್ತದೆ. ಕೊಡಗಿನ ಮಳೆಯಲ್ಲಂತೂ ಹೇಳುವುದೇ ಬೇಡ. ಆಗ ಮುಚ್ಚುಗಲ್ಲನ್ನು ನೋಡಿ ತೀರ್ಮಾನಿಸಬಾರದು, ಚಪ್ಪಡಿಗಳ ಬುಡ ನೋಡಬೇಕು. ಬುಡ ಬಂಡೆಯ ಮೇಲೇ ನಿಂತಿದ್ದರೆ ಕಲ್ಮನೆ. ಮಣ್ಣೊಳಗೆ ಆಳಕ್ಕೆ ಇಳಿದಿದ್ದರೆ ಕಲ್ಗೋರಿ.

‘ಪಾಂಡುಪಾರೆ’ಯಲ್ಲಿ ಪಾರೆ ಎಂದರೆ ಬಂಡೆ. ತಮಿಳಿನ ಪಾರೈ, ಮಲಯಾಳದ ಪಾರ, ತುಳುವಿನ ಪಾದೆ ಎಲ್ಲ ಒಂದೇ ಬಳಗ. ಪಕಾರ ಹಕಾರವಾಗುತ್ತದೆಂದು ಇದನ್ನು ‘ಹಾರೆ’ ಮಾಡಲು ಹೋದರೆ ಗುಂಡಿ ತೋಡುವ ಹಾರೆ ಕೈಗೆ ಬರುತ್ತದೆ! ಪಾಂಡವರ ಹೆಸರು ಜನ ಕಟ್ಟಿದ್ದು; ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಡೆ ಇಂಥವೇ ಕಲ್ಮನೆಗಳ ಜಾಗಕ್ಕೆ ‘ಮೋರ್ಯರ ಗುಡ್ಡ’ ಎನ್ನುತ್ತಾರೆ. ನೆಲದ ಮೇಲಿನದೋ ಒಳಗಿನದೋ ಎಂಬ ಭೇದವನ್ನು ಈ ಹೆಸರುಗಳು ಹೇಳುವುದಿಲ್ಲ. ಆದ್ದರಿಂದ ಪಾಂಡುಪಾರೆಯನ್ನು ನಿಮ್ಮ ಕಡೆಯವರು ಕರೆಯುವ ಹೆಸರೆಂದು ಕೊಡಿ, ಬಗೆಯ ಹೆಸರೆಂದು ಬೇಡ. ಬಿಡಲಂತೂ ಬಿಡಬೇಡಿ.

‘ಬೃಹತ್ ಶಿಲಾಯುಗ’ ದಾರಿ ತಪ್ಪಿಸುವ ಪದ. ಹಳೆ ಶಿಲಾಯುಗ, ನವಶಿಲಾಯುಗದ ಸಾಲಿಗೆ ಮೂರನೆಯದೆಂದು ಮಕ್ಕಳು ಸೇರಿಸಿಬಿಡುತ್ತಾರೆ. ಆದರೆ ಆ ಗೋರಿಗಳಲ್ಲಿ ಸಿಗುವುದು ಕಬ್ಬಿಣದ ಕತ್ತಿ, ಈಟಿ, ಬಾಣದ ಮೊನೆ. ‘ಬೃಹತ್ ಶಿಲಾ ಸಂಸ್ಕೃತಿ’ ಎಂದು ಬರೆದು, ಪಕ್ಕದಲ್ಲಿ ‘ಕಬ್ಬಿಣ ಯುಗ’ ಎಂದು ಸೇರಿಸಿ. ದೆಹಲಿಯಲ್ಲಿ ಹಿಂದಿ ಫಲಕದ ‘ಮಹಾಪಾಷಾಣ’ ಕಂಡರೆ ಅದೂ ಇದೇ.

ಈ ಗೋರಿಗಳಲ್ಲಿ ಸಿಗುವ ಮಡಕೆಗೆ ‘ಕಪ್ಪು ಮತ್ತು ಕೆಂಪು ಮಡಕೆಗಳು’ ಎಂದೂ ಬರೆಯಬೇಡಿ, ಎರಡು ಬಣ್ಣದ ಬೇರೆ ಬೇರೆ ಮಡಕೆ ಎಂಬ ಅರ್ಥ ಬರುತ್ತದೆ. ಇರುವುದು ಒಂದೇ ಮಡಕೆ: ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಹೊರಗೆ ಕೆಳಭಾಗ ಕೆಂಪು. ಬೋರಲು ಹಾಕಿ ಸುಟ್ಟಾಗ ಬೂದಿ, ಹೊಟ್ಟಿನಲ್ಲಿ ಹೂತ ಬಾಯಿಗೆ ಗಾಳಿ ಸಿಗದೆ ಕಪ್ಪಾಗುತ್ತದೆ. ಗಾಳಿ ತಾಗಿದ ಕಡೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ‘ಕಪ್ಪು-ಕೆಂಪು ಮಡಕೆ’, ನಡುವೆ ಅಡ್ಡಗೆರೆ.

ಕೊಡಗಿನ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ಇಂಥ ಮಡಕೆಯ ಜೊತೆಗಿನ ಫಲಕದಲ್ಲಿ ‘ಬ್ರಹ್ಮಗಿರಿ’ ಎಂದಿದ್ದರೆ ಅದು ತಲಕಾವೇರಿಯ ಬೆಟ್ಟವಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು ಅಲ್ಲಿ. ಕೆಳಗೆ ಕಲ್ಲುಕೊಡಲಿಯವರ ಪದರ, ಅದರ ಮೇಲೆ ಬೃಹತ್ ಶಿಲೆಯವರದು ಎಂಬ ಕ್ರಮ ಗೊತ್ತಾದದ್ದೂ ಅಲ್ಲೇ. ಪಟ್ಟಿಯಲ್ಲಿ ತಾಲೂಕಿನ ಹೆಸರನ್ನೂ ಹಾಕಿ.

ಇನ್ನೊಬ್ಬರಿಂದ: ಮೇಲಿನದಕ್ಕೆ ನನ್ನದೂ ಒಪ್ಪಿಗೆ. ಹರಪ್ಪದ ‘ಮುದ್ರೆ’ಯನ್ನೂ ಪಟ್ಟಿಯಲ್ಲಿ ಎರಡು ಮಾಡಿ. ಬಳಪದ ಕಲ್ಲಿನಲ್ಲಿ ತಿರುಗುಮುರುಗಾಗಿ ಕೆತ್ತಿ, ಸುಟ್ಟು ಗಟ್ಟಿ ಮಾಡಿದ್ದು ‘ಮುದ್ರೆ’. ಅದನ್ನು ಹಸಿಮಣ್ಣಿಗೆ ಒತ್ತಿದಾಗ ಮೂಡಿದ್ದು ‘ಮುದ್ರೆಯ ಒತ್ತು’. ಮ್ಯೂಸಿಯಂನಲ್ಲಿ ಮುದ್ರೆಯ ಪಕ್ಕದಲ್ಲೇ ಹೊಸದಾಗಿ ತೆಗೆದ ಒತ್ತನ್ನೂ ಇಟ್ಟಿರುವುದುಂಟು. ಎರಡರಲ್ಲಿ ಪ್ರಾಣಿಯ ಮುಖ ಎದುರುಬದುರು ದಿಕ್ಕಿಗಿರುತ್ತದೆ. ಹಳೆಯದು ಯಾವುದೆಂದು ಮಕ್ಕಳೇ ಹೇಳಲಿ.