ಪ್ರಶ್ನೋತ್ತರ: ಬೆಳಗಿನ ಜಾವ ಆಕಾಶದಲ್ಲಿ ಹೊತ್ತಿಕೊಂಡಿದ್ದು ಏನು?

ಪ್ರಶ್ನೆ (ಆಳಂದ ತಾಲ್ಲೂಕು): ಸರ್, ಜನವರಿಯಲ್ಲಿ ತೊಗರಿ ರಾಶಿ ಕಾಯಲು ಹೊಲದಲ್ಲೇ ಮಲಗಿದ್ದೆವು. ಬೆಳಿಗ್ಗೆ ಆರೂವರೆ ಸುಮಾರಿಗೆ ಈಶಾನ್ಯದಲ್ಲಿ ಒಂದು ಚುಕ್ಕೆ ಇದ್ದಕ್ಕಿದ್ದಂತೆ ಹೊತ್ತಿಕೊಂಡಿತು. ಮೊದಲು ಕೆಂಪು, ಆಮೇಲೆ ಬೆಳ್ಳಗೆ. ಸದ್ದಿಲ್ಲ, ಮಿನುಗಲಿಲ್ಲ, ಕದಲಲೂ ಇಲ್ಲ. ತಮ್ಮನ ಬೈನಾಕ್ಯುಲರ್‌ನಲ್ಲಿ ಬಲ್ಬಿನ ಹಾಗೆ ಕಂಡಿತು, ಕೆಳತುದಿ ಚೂಪು. ಏಳರ ಹತ್ತಿರ ಸೂರ್ಯ ಹುಟ್ಟಿತು, ಬಿಸಿಲೇರಿದಂತೆ ಇದು ಮಾಯ. ಊರಲ್ಲಿ ಒಬ್ಬರು ಡ್ರೋನ್ ಅಂತಾರೆ, ಒಬ್ಬರು ಶುಕ್ರ ಅಂತಾರೆ. ಹುಡುಗರಂತೂ ಹಾರುವ ತಟ್ಟೆ ಎಂದು ಸ್ಟೇಟಸ್ ಹಾಕಿಬಿಟ್ಟಿದ್ದಾರೆ.

ಉತ್ತರ (ಖಗೋಳ ವೀಕ್ಷಣೆ ಕಲಿಸುವವರು): ಹೊತ್ತು, ದಿಕ್ಕು, ಬಣ್ಣ ಮೂರನ್ನೂ ಬರೆದಿದ್ದೀರಿ. ಅರ್ಧ ಕೆಲಸ ಮುಗಿಯಿತು.

ಶುಕ್ರ ಅಲ್ಲ. ಶುಕ್ರನಾಗಿದ್ದರೆ ಕತ್ತಲಲ್ಲೇ ಕಾಣುತ್ತಿತ್ತು, ಹೀಗೆ ಸುಮ್ನೆ ಹೊತ್ತಿಕೊಳ್ಳುವುದಿಲ್ಲ. ಡ್ರೋನ್ ಸದ್ದಿಲ್ಲದೆ ಅಷ್ಟು ಹೊತ್ತು ಒಂದೇ ಕಡೆ ನಿಲ್ಲುವುದೂ ಕಷ್ಟ.

ನನ್ನ ಲೆಕ್ಕದಲ್ಲಿ ಇದು ಹೈದರಾಬಾದಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಬಲೂನ್ ಕೇಂದ್ರದ ಬಲೂನು. ತೆಳು ಪಾಲಿಥೀನ್ ಹಾಳೆಯದು, ಒಳಗೆ ಹೈಡ್ರೋಜನ್, ಅಗಲ 50ರಿಂದ 85 ಮೀಟರ್. ವಿಜ್ಞಾನದ ಉಪಕರಣ ಹೊತ್ತು 30ರಿಂದ 42 ಕಿ.ಮೀ. ಎತ್ತರಕ್ಕೆ ಹೋಗುತ್ತದೆ. ವಿಮಾನ ಹಾರುವುದಕ್ಕಿಂತ ಮೂರ್ನಾಲ್ಕು ಪಟ್ಟು ಮೇಲೆ. ಸಾಮಾನ್ಯವಾಗಿ ರಾತ್ರಿಯಿಂದ ಬೆಳಗಿನ ಜಾವದೊಳಗೆ ಬಿಡುತ್ತಾರೆ. ಅದಕ್ಕೇ ಕತ್ತಲಲ್ಲಿ ಅದು ಮೇಲೆ ಇದ್ದರೂ ನಿಮಗೆ ಕಾಣಲಿಲ್ಲ, ಅದಕ್ಕೆ ಸ್ವಂತ ಬೆಳಕಿಲ್ಲವಲ್ಲ.

ಈಗ ನಿಮ್ಮ ಆರೂವರೆಗೆ ಬರೋಣ. 35 ಕಿ.ಮೀ. ಮೇಲೆ ಇರುವ ವಸ್ತುವಿಗೆ ದಿಗಂತ ಸುಮಾರು 6 ಡಿಗ್ರಿ ಕೆಳಗೆ ಇಳಿದಿರುತ್ತದೆ. ಹಾಗಾಗಿ ನೆಲಕ್ಕಿಂತ ಸುಮಾರು 25 ನಿಮಿಷ ಮೊದಲೇ ಅಲ್ಲಿ ಬಿಸಿಲು ಬೀಳುತ್ತದೆ. ಏಳರಿಂದ ಅಷ್ಟು ಕಳೆಯಿರಿ, ಸರಿಹೋಗುತ್ತದೆ ಅಲ್ವಾ? ಮೊದಲ ಬಿಸಿಲು ದಟ್ಟ ಗಾಳಿಯನ್ನು ಸವರಿಕೊಂಡು ಬರುವುದರಿಂದ ಕೆಂಪು. ಕೆಳಗೆ ಆಕಾಶ ಬೆಳಗಿದ ಮೇಲೆ ಬಲೂನು ಅಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಸಿಗುವುದಿಲ್ಲ ಅಷ್ಟೇ.

ಪ್ರಶ್ನೆ (ಹುಮನಾಬಾದ್): 2025ರ ಜನವರಿಯಲ್ಲಿ ನಮ್ಮ ಜಲಸಂಗಿಯಲ್ಲಿ ಬಿದ್ದದ್ದೂ ಇದೇನಾ? ಬಿದ್ದರೆ ಮುಟ್ಟಬಹುದಾ?

ಉತ್ತರ: ಹೌದು, ಅದೂ ಟಿಐಎಫ್‌ಆರ್ ಬಲೂನೇ. ಶಿಲಾಬಾಲಿಕೆಗೆ ಹೆಸರಾದ ಊರು ಎರಡು ದಿನ ಬಲೂನಿಗೆ ಸುದ್ದಿಯಾಯಿತು. ಕೆಲಸ ಮುಗಿದ ಮೇಲೆ ಉಪಕರಣದ ಪೆಟ್ಟಿಗೆ ಬಣ್ಣದ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಹೈದರಾಬಾದಿನಿಂದ 200-350 ಕಿ.ಮೀ. ದೂರದಲ್ಲೂ ಬೀಳಬಹುದು, ಅಂದರೆ ಬೀದರ್, ಕಲಬುರಗಿ ಎಲ್ಲ ಆ ಅಳತೆಯೊಳಗೇ. ಮುಟ್ಟಬೇಡಿ, ಬಿಚ್ಚಬೇಡಿ. ಪೆಟ್ಟಿಗೆ ಮೇಲೆ ವಿಳಾಸ, ಫೋನ್ ನಂಬರ್ ಇರುತ್ತದೆ. ಹತ್ತಿರದ ಪೊಲೀಸ್ ಠಾಣೆಗೆ ಹೇಳಿದರೂ ಸಾಕು. ಅದರೊಳಗಿನ ಮಾಹಿತಿ ಹೋದರೆ ಯಾರದೋ ವರ್ಷಗಳ ಕೆಲಸ ಹೋದ ಹಾಗೆ.

ಪ್ರಶ್ನೆ (ಉಡುಪಿ): 2021ರ ಡಿಸೆಂಬರಿನಲ್ಲಿ ನಮಗೆ ಕಂಡ ದೀಪದ ಸಾಲು?

ಉತ್ತರ: ಸ್ಟಾರ್‌ಲಿಂಕ್ ಉಪಗ್ರಹಗಳು. ಒಟ್ಟಿಗೆ ಬಿಡುವುದರಿಂದ ಮೊದಲ ಕೆಲವು ದಿನ ಸಾಲಾಗಿ ಹೋಗುತ್ತವೆ.

ಪ್ರಶ್ನೆ (ಬೆಂಗಳೂರು): ನಿಮ್ಮಂಥವರಿಗೆ ಎಲ್ಲವೂ ಬಲೂನು, ಶುಕ್ರ. ಹಳ್ಳಿಯವರು ಕಂಡರೆ ಭ್ರಮೆ. ಇಂಫಾಲ್ ವಿಮಾನ ನಿಲ್ದಾಣದ ವಿಷಯಕ್ಕೆ ಏನಂತೀರಿ?

ಉತ್ತರ: ಭ್ರಮೆ ಎಂದು ನಾನು ಎಲ್ಲೂ ಹೇಳಿಲ್ಲ. ಆಳಂದದವರು ಕಂಡದ್ದು ನಿಜವಾದ ವಸ್ತು, ನೋಡಿದ್ದೂ ಚೆನ್ನಾಗಿ ನೋಡಿದ್ದಾರೆ. ಹಳ್ಳಿ-ಪಟ್ಟಣದ ಮಾತೂ ಅಲ್ಲ. ಲಡಾಖ್ ಗಡಿಯ ನಮ್ಮ ಸೈನಿಕರು 2012-13ರಲ್ಲಿ ತಿಂಗಳುಗಟ್ಟಲೆ ಚೀನಾದ ಡ್ರೋನ್ ಎಂದು ಬರೆದಿಟ್ಟದ್ದು ಗುರು ಮತ್ತು ಶುಕ್ರ ಗ್ರಹಗಳನ್ನು. ಪತ್ತೆ ಹಚ್ಚಿದವರು ನಿಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು.

ಇಂಫಾಲ್ ಬೇರೆ. 2023ರ ನವೆಂಬರ್ 19ರಂದು ನಿಲ್ದಾಣದ ಬಳಿ ಗುರುತು ಸಿಗದ ವಸ್ತು ಹಾರುತ್ತಿದೆ ಎಂದು ಅಲ್ಲಿ ಕೆಲವು ಗಂಟೆ ವಿಮಾನ ಸಂಚಾರ ನಿಲ್ಲಿಸಿದರು, ರಫೇಲ್ ಯುದ್ಧವಿಮಾನ ಹೋಗಿ ಹುಡುಕಿತು, ಏನೂ ಸಿಗಲಿಲ್ಲ. ಅದನ್ನು ಬಲೂನು ಎಂದು ಇಲ್ಲಿ ಕೂತು ಹೇಳುವುದಕ್ಕೆ ನಾನು ತಯಾರಿಲ್ಲ.

ಪ್ರಶ್ನೆ (ಆಳಂದ ತಾಲ್ಲೂಕು): ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆದಿದ್ದಾನೆ ಸರ್, ಆದರೆ ಬರೀ ಬಿಳಿ ಚುಕ್ಕೆ.

ಉತ್ತರ: ಪರವಾಗಿಲ್ಲ, ಹಾಕಿ. ಕ್ರಾಪ್ ಮಾಡಬೇಡಿ. ಬೇಲಿಯೋ ಮರವೋ ಜೊತೆಗಿದ್ದರೆ ಎತ್ತರ ಅಂದಾಜು ಮಾಡಬಹುದು. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೊ ತೆಗೆದ ಹೊತ್ತೂ ಉಳಿಯುತ್ತದೆ.